ಚಾಚಾ ಎಳೆದ ತಂತಿ

ಹೋದ ವಾರ ಸೇಡಂನಲ್ಲಿ ಮಿಕ್ಸರ್ ರಿಪೇರಿಗೆ ಕೊಟ್ಟು ಅಂಗಡಿಯ ಬಾಗಿಲಲ್ಲೇ ಕೂತಿದ್ದೆ. ಒಳಗೆ ಅಂಗಡಿಯವ ಸೋಲ್ಡರ್ ಕಾಯಿಸಿದ. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ವಾಡಿಯ ನಮ್ಮ ಪಕ್ಕದ ಮನೆಯ ಚಾಚಾ ನೆನಪಾದರು...

ಎಂಬತ್ತರ ದಶಕದ ಮಾತು. ನಾನಾಗ ಅಲ್ಲಿ ಶಾಲೆಯ ಟೀಚರ್. ಚಾಚಾ ಸಿಮೆಂಟ್ ಫ್ಯಾಕ್ಟರಿಯಲ್ಲಿ ಮೀಟರುಗಳ ಮೆಕ್ಯಾನಿಕ್. ಭಟ್ಟಿಯ ಬಿಸಿ ಎಷ್ಟಿದೆ ಎಂಬುದನ್ನು ದೂರದ ಕಂಟ್ರೋಲ್ ರೂಮಿಗೆ ತಂತಿಯ ಮೂಲಕ ಮುಟ್ಟಿಸುವುದು ಅವರ ಕೆಲಸ. ಭಾಳ ಮಾತಿನ ಮನುಷ್ಯ. ಅವರು ನಕ್ಕರೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಅಂಥವರ ಗಂಟಲಿಗೇ ಕ್ಯಾನ್ಸರ್ ಬಂತು. ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು.

ಕೆಳಗೆ ಅವರ ಹೆಂಡತಿ ಚಾಚಿಯ ಹೊಲಿಗೆ ಮಷಿನ್ನು. ಅರಿವೆಯ ದೂಳು, ಉಸಿರಾಟಕ್ಕೆಂದು ಗಂಟಲಿಗೆ ಮಾಡಿದ್ದ ತೂತಿಗೆ ಆಗದೆಂದು ಚಾಚಾ ಅವರನ್ನು ಮೇಲಿನ ಕೋಣೆಯಲ್ಲಿ ಮಲಗಿಸಿದ್ದರು. ಅವರು ಗಂಟೆ ಬಾರಿಸಿದರೆ ಚಾಚಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಬೇಕು. ಏನು ಬೇಕೆಂದು ತಿಳಿಯಲು ಒಮ್ಮೆ, ತಂದುಕೊಡಲು ಇನ್ನೊಮ್ಮೆ. ಅದನ್ನು ನೋಡಲಾರದೆ ಚಾಚಾ ಹಾಸಿಗೆಯಲ್ಲೇ ಕೂತು ಸೋಲ್ಡರ್ ಹಾಕಿ ಎರಡು ಬೋರ್ಡು ಕಟ್ಟಿದರು. ಒಂದೊಂದರಲ್ಲೂ ಒಂದು ಮೈಕ್ರೋಕಂಟ್ರೋಲರ್ ಚಿಪ್ಪು, ನಡುವೆ ಒಂದು ಜೋಡಿ ತಂತಿ. ಮೇಲೆ ಗುಂಡಿ ಒತ್ತಿದರೆ ಕೆಳಗೆ ಪೆಟ್ಟಿಗೆಯಲ್ಲಿ ಅಕ್ಷರ ಕೆಂಪಗೆ ಹತ್ತುತ್ತಿತ್ತು.

"ಅಷ್ಟೆಲ್ಲಾ ಅಕ್ಷರಕ್ಕ ಇಷ್ಟೇ ತಂತಿ ಹೆಂಗ ಸಾಕಾಗ್ತದ ಚಾಚಾ?" ಎಂದು ಕೇಳಿದೆ.

ಪಾಟಿಯ ಮೇಲೆ ಬಳಪದಿಂದ ಬರೆದು ತೋರಿಸಿದರು: "ಎಲ್ಲಾ ಒಂದೇ ಸಲ ಹೋಗಂಗಿಲ್ಲ ಬೇಟಿ. ಒಂದೊಂದು ಅಕ್ಷರ ತುಣುಕು ಮಾಡಿ, ಗೂಡ್ಸ್ ಗಾಡಿ ಡಬ್ಬಿ ಹಂಗ ಒಂದರ ಹಿಂದ ಒಂದು ಕಳಸ್ತೀನಿ. ಕೆಳಗಿನ ಚಿಪ್ಪು ಅದೇ ವೇಗದಾಗ ತಗೊಂಡು ಮತ್ತ ಜೋಡಸ್ತದ."

ಆದರೆ ಪೆಟ್ಟಿಗೆಗೆ ಬರುತ್ತಿದ್ದದ್ದು ಇಂಗ್ಲಿಷ್ ಅಕ್ಷರ ಮಾತ್ರ. ಚಾಚಿಗೆ ಓದಲು ಬರುತ್ತಿದ್ದದ್ದು ಉರ್ದು ಮಾತ್ರ. ಚಾಚಾ ತಮ್ಮ ಮನೆಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಿದ್ದರು. ಚಾಚಿ ಮೂರು ಪದಗಳನ್ನು ಆಕಾರ ನೋಡಿ ಗುರುತು ಹಿಡಿದಿದ್ದರು: ಪಾನಿ, ಚಾಯ್, ನಕ್ಕೋ. ನಕ್ಕೋ ಎಂದರೆ ಏನೂ ಬೇಡ, ಹತ್ತಿ ಬರಬೇಡ ಎಂದು. ಬೇರೆ ಏನು ಬಂದರೂ ಗೋಡೆಯಾಚೆಯಿಂದ ನನ್ನನ್ನು ಕೂಗುತ್ತಿದ್ದರು. ಒಮ್ಮೆ 'ಇವತ್ತು ಹಸಿರು ಸೀರೆ ಉಟ್ಟುಕೋ' ಎಂದು ಬಂದಿತ್ತು. ನಾನು ಓದಿ ಹೇಳಿದಾಗ ಚಾಚಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಆಮೇಲೆ ಚಾಚಾ ಅಂಥದ್ದನ್ನು ಕಳಿಸಲೇ ಇಲ್ಲ...

"ನನಗ ಎಬಿಸಿಡಿ ಕಲಸು ಬೇಟಿ. ನಮ್ಮಿಬ್ಬರ ಮಾತಿನಾಗ ನೀ ಯಾಕ ಕುಂದ್ರಬೇಕು?" ಎಂದು ಚಾಚಿ ನಕ್ಕಿದ್ದರು. ಕಲಿಸಲು ಆಗಷ್ಟೇ ಶುರು ಮಾಡಿದ್ದೆ.

ಆ ಮಧ್ಯಾಹ್ನ ನಾನು ಶಾಲೆಯಲ್ಲಿದ್ದೆ. ಚಾಚಿ ಹೊಲಿದ ಬಟ್ಟೆಗಳನ್ನು ಶಹಾಬಾದಿಗೆ ಮುಟ್ಟಿಸಬೇಕಿತ್ತು. ಹೋಗಿಬರುತ್ತೇನೆ, ಏನಾದರೂ ಬೇಕೇ ಎಂದು ಮೆಟ್ಟಿಲ ಬುಡದಿಂದ ಕೂಗಿದರಂತೆ. ಪೆಟ್ಟಿಗೆಯಲ್ಲಿ ನಕ್ಕೋ ಎಂದು ಬಂತು. ಅದರ ಮುಂದೆ ಇನ್ನೂ ಏನೋ ಬಂತು. ಓದಲು ನಾನು ಮನೆಯಲ್ಲಿರಲಿಲ್ಲ, ಗಾಡಿಗೆ ಹೊತ್ತಾಗಿತ್ತು. ಏನೂ ಬೇಡವಂತೆ ಎಂದುಕೊಂಡು ಹೊರಟುಬಿಟ್ಟರು.

ಸಂಜೆ ಚಾಚಿ ಚೀರಿದ್ದು ಕೇಳಿ ಓಡಿದೆ. ಚಾಚಾ ಮೆಟ್ಟಿಲ ಮೇಲೆ ಗೋಡೆಗೆ ಒರಗಿದ್ದರು. ತಿಂಗಳುಗಳಿಂದ ಕೆಳಗಿಳಿಯದವರು ಇಳಿಯಲು ಹೊರಟಿದ್ದರು. ಮೈ ತಣ್ಣಗಾಗಿತ್ತು.

ಜನ ಸೇರಿದರು. ಚಾಚಿ ನನ್ನ ಕೈ ಹಿಡಿದು ಪೆಟ್ಟಿಗೆಯ ಮುಂದೆ ಎಳೆದೊಯ್ದರು. ಅಕ್ಷರಗಳು ಇನ್ನೂ ಹತ್ತಿಕೊಂಡೇ ಇದ್ದವು.

"ಏನ್ ಬರದಾರ, ಓದು."

ನಾನು ಸೇರಿದ್ದ ಜನರ ಕಡೆ ನೋಡಿದೆ.

"ಓದು ಬೇಟಿ. ಸುಳ್ಳು ಹೇಳಬ್ಯಾಡ."

ಓದಿದೆ. ನಕ್ಕೋ ಜಾವ್. ಹೋಗಬೇಡ.

ಚಾಚಿ ಅಳಲಿಲ್ಲ. ಆ ಅಕ್ಷರಗಳನ್ನೇ ನೋಡುತ್ತಾ, "ನಕ್ಕೋ ಅನ್ನೋದು ನಾ ಓದಿಕೊಂಡೇ ಹೋದೆ" ಎಂದರು.

ಆಮೇಲೆ ಅವರು ಎಬಿಸಿಡಿ ಕಲಿಯಲು ಬರಲಿಲ್ಲ. ನಾನೂ ಕರೆಯಲಿಲ್ಲ. ನನಗೆ ಸೇಡಂಗೆ ವರ್ಗವಾಯಿತು. ಈಗ ಚಾಚಿಯೂ ಇಲ್ಲ. ಅಂದು ನಾನು ಇದ್ದದ್ದನ್ನು ಇದ್ದಂತೆ ಓದಿದ್ದು ಸರಿಯೋ ತಪ್ಪೋ... ಕೇಳೋಣವೆಂದರೆ ಆ ಮನೆಯಲ್ಲಿ ಯಾರೂ ಉಳಿದಿಲ್ಲ.