ಸರ್ವಾನುಮತದ ಠರಾವು

ಸೋತಾಕಿ ನಾನು. ಔರಾದದಾಗ ವಿಧಾನಸಭಾಕ್ಕ ನಿಂತು ಠೇವಣಿ ಸುದ್ಧಾ ಕಳಕೊಂಡಾಕಿ. ಅದಕ್ಕ ನನಗೇನೂ ನಾಚಿಕಿಲ್ಲ ಬಿಡ್ರಿ, ನಮ್ಮಂಥ ಸಣ್ಣ ಪಕ್ಷದವ್ರು ಗೆದ್ದೇ ಗೆಲ್ತೇವಿ ಅಂತ ನಿಂದರೂದೂ ಇಲ್ಲ. ನನ್ನ ಚಿಂತಿ ಬ್ಯಾರೆ ಇತ್ತು. ಸೋತ ಮ್ಯಾಲೆ ಪಕ್ಷದಾಗ ಭಾಲ್ಕಿದೊಂದು, ಬೀದರದೊಂದು ಅಂತ ಎರಡು ಗುಂಪು ಆಗಿದ್ವು. ಪಕ್ಷ ಒಡದ್ರ ನನ್ನ ಗೆಳತಿ ಆ ಕಡಿಗೆ, ನಾನು ಈ ಕಡಿಗೆ. ಕಾಲೇಜಿನಿಂದ ಕೂಡೇ ಬಂದಾವ್ರು ನಾವು, ಪ್ರಚಾರಕ್ಕ ಹಳ್ಳಿ ಹಳ್ಳಿ ಕೂಡೇ ತಿರುಗಿದ್ವಿ. ಆದ್ರ ಆಕಿ ಭಾಲ್ಕಿ ಗುಂಪಿನಾಕಿ, ನಾನು ಬೀದರ ಗುಂಪಿನಾಕಿ ಅಂತ ಮಂದಿ ಲೆಕ್ಕಾ ಹಾಕಿಬಿಟ್ಟಿದ್ರು.

ಕಬ್ಬಿನ ರೇಟಿನ ಮಾತು ಎತ್ತಲಿಲ್ಲ, ಅದಕ್ಕ ಸೋತ್ವಿ ಅಂತ ಭಾಲ್ಕಿಯವ್ರು. ಜಾತಿ ಮಾತು ನುಂಗಿಕೊಂಡ್ವಿ, ಅದಕ್ಕ ಸೋತ್ವಿ ಅಂತ ಬೀದರದವ್ರು. ರಿಸಲ್ಟ್ ಬಂದ ಮ್ಯಾಲೆ ಒಬ್ಬರ ಫೋನು ಒಬ್ಬರು ಎತ್ತಲಿಲ್ಲ. ಕಡೀಕ ಬೀದರ ಮಗ್ಗಲದ ನೌಬಾದದಾಗ ಎರಡೂ ಗುಂಪಿನವರ ಸಭಾ ಕರದ್ರು.

ನಮ್ಮ ಪಕ್ಷದಾಗ ಒಂದು ರೂಢಿ ಅದ. ಸೋತಾಗ ಎಲ್ಲಾರೂ ಎದ್ದು ನಿಂತು ಮೊದಲ ತಮ್ಮ ತಪ್ಪು ಹೇಳಬೇಕು. ಬೀದರದ ಹಿರಿಯರು ಎದ್ದು, "ಭಾಲ್ಕಿಯವರನ್ನ ನಂಬಿದ್ದೇ ನನ್ನ ತಪ್ಪು" ಅಂದ್ರು. ಭಾಲ್ಕಿ ಹಿರಿಯರು ಬಿಡ್ತಾರೇನ್ರಿ? "ಇವರ ಭಾಷಣ ಸುಮ್ನ ಕೇಳಿಕೋತ ಕೂತಿದ್ದೇ ನನ್ನ ತಪ್ಪು" ಅಂದ್ರು. ಅಯ್ಯ ನಿಮ್ಮ! ಚಾ ಆರಿ ನೀರಾತು, ಯಾರೂ ತಮ್ಮ ತಪ್ಪು ಹೇಳವಲ್ರು. ನನಗ ತಡಕೊಳ್ಳಲಾಕ ಆಗ್ಲಿಲ್ಲ. "ಸಾಕು ಮಾಡ್ರಿ! ಎಲ್ಲಾರೂ ಒಂದು ಮಾತಿಗೆ ಬರ್ರಿ" ಅಂತ ಒದರಿದೆ.

ಬಂದ್ರು ನೋಡ್ರಿ ಒಂದು ಮಾತಿಗೆ. ಹಿರಿಯರಿಬ್ಬರೂ ಮೂಲ್ಯಾಗ ನಿಂತು ಗುಸುಗುಸು ಮಾತಾಡಿ, ನಕ್ಕೋತ ಬಂದು ಠರಾವು ಓದಿದ್ರು. ಅಭ್ಯರ್ಥಿಯ ಆಯ್ಕೆಯೇ ತಪ್ಪಾಗಿತ್ತು, ಮುಂದ ಬ್ಯಾರೆಯವರನ್ನ ನಿಲ್ಲಿಸತಕ್ಕದ್ದು. ಪಕ್ಷದ ಒಗ್ಗಟ್ಟಿನ ಸಲುವಾಗಿ ಸರ್ವಾನುಮತ ಆಗಬೇಕು, ಒಪ್ಪಿದವ್ರು ಕೈ ಎತ್ರಿ ಅಂದ್ರು. ಎರಡೂ ಗುಂಪಿನ ಕೈ ಬರಾಬರ್ ಮ್ಯಾಲೆ ಹೋದ್ವು. ನನ್ನ ಗೆಳತಿ ನೆಲಾ ನೋಡಿಕೋತ ಎತ್ತಿದಳು. ಠೇವಣಿ ಹೋದಾಗ ಬರದ ಅಳು ಆಗ ಬಂತು.

"ನಿಮ್ಮದೊಂದೇ ಬಾಕಿ ಅದ ನೋಡ್ರಿ ಅಕ್ಕಾ" ಅಂದ್ರು ಬೀದರದ ಹಿರಿಯರು, ಭಾಳ ಪ್ರೀತಿಲೇ. "ಪಕ್ಷ ಉಳೀಬೇಕೋ ಬ್ಯಾಡೋ?"

"ನನ್ನ ಬಲಿ ಕೊಟ್ಟು ಉಳಸ್ತೀರೇನ್ರಿ? ನಾ ಎತ್ತೂದಿಲ್ಲ. ಒಬ್ಬಾಕಿ ವಿರೋಧ ಅಂತ ಬರಕೋರಿ."

ಗೆಳತಿ ಕೈ ಸಾವಕಾಶ ಕೆಳಗ ಬಂತು.

"ಇಬ್ಬರು ಅಂತ ಬರಕೋರಿ" ಅಂದಳು. "ಆಕಿಗೆ ನಿಲ್ಲು ಅಂತ ಗಂಟು ಬಿದ್ದಾಕಿ ನಾನೇ. ಅದು ನನ್ನ ತಪ್ಪಲ್ಲ. ಈಗ ಕೈ ಎತ್ತಿದೆನಲ್ಲ, ಇದು ನನ್ನ ತಪ್ಪು."

ಸರ್ವಾನುಮತ ಮುರೀತು, ಹಿರಿಯರು ತಿರುಗಿ ಒಬ್ಬರ ಮ್ಯಾಲೊಬ್ಬರು ಬೀಳಲಾಕ ಸುರು ಮಾಡಿದ್ರು. ಇಡೀ ಸಭಾದಾಗ ತನ್ನ ತಪ್ಪು ಹೇಳಿದಾಕಿ ಆಕಿ ಒಬ್ಬಾಕಿನೇ. ನಾನು ಎದ್ದು ಹೋಗಿ ಆಕಿ ಮಗ್ಗಲಕ್ಕ ಕೂತೆ.