ಮುಂದೆ ಹೋದ ಸೈಕಲ್ಲಿನವನು

ದೆವ್ವ, ಪ್ರೇತ ಎಂದು ಹೇಳಿ ನನ್ನನ್ನು ಹೆದರಿಸಬಲ್ಲವರು ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾರೂ ಇರಲಿಲ್ಲ. ಏಕೆಂದರೆ ಆ ಕತೆಗಳಲ್ಲಿ ಅರ್ಧಕ್ಕರ್ಧ ಹುಟ್ಟಿಸಿದವನೇ ನಾನು. ಈ ಹೆದ್ದಾರಿಯ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದಾಗ, ಕಡೆಯ ಟ್ರಿಪ್ಪಿನಲ್ಲಿ ಖಾಲಿ ಸೀಟಿನ ಕಡೆ ತಿರುಗಿ, "ಅಮ್ಮ, ನಿಮ್ಮ ಸ್ಟಾಪ್ ಬಂತ್, ಇಳ್ಕಣಿ" ಎನ್ನುತ್ತಿದ್ದೆ. ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಯಾರೋ ಇಳಿದರೆಂಬಂತೆ ಸ್ವಲ್ಪ ಹೊತ್ತು ಕಾದು ರೈಟ್ ಹೇಳುತ್ತಿದ್ದೆ. ಪಕ್ಕದಲ್ಲಿ ಕೂತವರ ಮುಖ ನೋಡಬೇಕಿತ್ತು ನೀವು. ಹಾಗಾಗಿ ಈಗ ಬರೆಯುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಹೆದ್ದಾರಿ ಅಗಲ ಮಾಡುತ್ತಿದ್ದ ವರ್ಷಗಳು ಅವು. ನಾನು ಕೆಲಸ ಬಿಟ್ಟು ಮನೆಯಲ್ಲಿದ್ದೆ. ಬೈಂದೂರು ಬಸ್‌ಸ್ಟ್ಯಾಂಡಿನಲ್ಲಿ ಹಳೇ ದೋಸ್ತಿಯೊಬ್ಬ, "ಬಸ್ ಇಲ್ದಿರೆ ನಿಮ್ಗೆ ಪಕ್ಕದ್ ಊರ್ ನಾವುಂದ ದಾಟೂಕಾತ್ತಾ?" ಎಂದು ಕೆಣಕಿದ. ಸೈಕಲ್ಲಿನಲ್ಲಿ ಬ್ರಹ್ಮಾವರಕ್ಕೆ ಹೋಗಿ ಹೊತ್ತು ಕಂತುವುದರೊಳಗೆ ತಿರುಗಿ ಬರುತ್ತೇನೆ ಎಂದುಬಿಟ್ಟೆ. ಮರುದಿನ ಬೆಳಿಗ್ಗೆಯೇ ಹೊರಟೆ. ಮೊಬೈಲನ್ನು ಬೇಕೆಂದೇ ಮನೆಯಲ್ಲಿ ಬಿಟ್ಟೆ. ಇಲ್ಲದಿದ್ದರೆ ಹೆಂಡತಿ ಜಲಜ ದಾರಿಯುದ್ದಕ್ಕೂ ಫೋನ್ ಮಾಡಿ ಬೈಯುತ್ತಿದ್ದಳು.

ಮಣ್ಣಿನ ಟಿಪ್ಪರುಗಳು, ನೀರು ಸುರಿಸುತ್ತಾ ಓಡುವ ಮೀನಿನ ಲಾರಿಗಳು, ಕಿವಿಯ ಹತ್ತಿರವೇ ಹಾರ್ನ್ ಹೊಡೆಯುವ ಎಕ್ಸ್‌ಪ್ರೆಸ್ ಬಸ್ಸುಗಳು. ಅವುಗಳ ಮಧ್ಯೆ ಹಾಡು ಗುನುಗುತ್ತಾ ಮರವಂತೆ ಮುಟ್ಟಿದೆ. ಶೀನಣ್ಣನ ಚಾ ಅಂಗಡಿ ಮುಂದೆ ಸೈಕಲ್ ನಿಲ್ಲಿಸಿದ್ದೇ ಅವನು ತಲೆ ಎತ್ತಿದ.

"ಹ್ವಾಯ್ ಕಂಡಕ್ಟ್ರೆ, ಎಂತಕೆ ವಾಪಸ್ ಬಂದ್ರಿ? ಈಗಳ್ ಚಾ ಕುಡ್ದ್ ಹೋದ್ರಲೆ."

"ನಂಗೇ ಮಂಗ ಮಾಡ್ತ್ಯಾ ಶೀನ?"

"ನಿಮ್ಮಷ್ಟ್ ಮಂಗ ಮಾಡೂಕೆ ನಂಗ್ ಬತ್ತಿಲ್ಲೆ ಮಾರಾಯ್ರೆ. ಕಾಣಿ, ಲೋಟ ಇನ್ನೂ ತೊಳೀಲಿಲ್ಲೆ."

ಬೆಂಚಿನ ಮೇಲೆ ಲೋಟವಿತ್ತು. ಹಳೆಯ ಸೇಡು ತೀರಿಸುತ್ತಿದ್ದಾನೆ ಎಂದು ನಕ್ಕು, ಚಾ ಕುಡಿದು ಹೊರಟೆ. ಕುಂದಾಪುರದ ಸೈಕಲ್ ಅಂಗಡಿಯವನು ನನ್ನನ್ನು ನೋಡಿದವನೇ ಪಂಪು ಕೈಗೆತ್ತಿಕೊಂಡ. "ಎಂತ, ಆಗಳ್ ಹಾಕದ್ ಗಾಳಿ ಇಳೀತಾ?" ಎಂದ. ಶೀನ ಫೋನ್ ಮಾಡಿರಬೇಕು ಅಂದುಕೊಂಡೆ. ಇಡೀ ದಾರಿಗೇ ಸುದ್ದಿ ಮುಟ್ಟಿಸಿ ನನ್ನನ್ನು ಆಡಿಸುವಷ್ಟು ಬುದ್ಧಿ ಅವನಿಗೆ ಬಂತಲ್ಲ ಎಂದು ಖುಷಿಯೂ ಆಯಿತು. ಆದರೂ ಪೆಡಲು ಜೋರಾಗಿ ತುಳಿದೆ. ನನ್ನ ಮುಂದೆ ನಿಜಕ್ಕೂ ಯಾರಾದರೂ ಹೋಗುತ್ತಿದ್ದರೆ ಅವನನ್ನು ಹಿಡಿಯದೆ ಬಿಡುವ ಕಾಲುಗಳಲ್ಲ ನನ್ನವು.

ತೆಕ್ಕಟ್ಟೆಯಲ್ಲಿ ಎಳನೀರು ಮಾರುವ ಗಿರಿಜಕ್ಕ ನನ್ನ ಯಾವ ತಮಾಷೆಗೂ ಯಾವತ್ತೂ ನಕ್ಕವಳಲ್ಲ. ಅವಳಿಂದ ಇಂಥ ನಾಟಕ ಯಾರೂ ಮಾಡಿಸಲಾರರು. ಅವಳು ಕತ್ತಿ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಈಗಳ್ ಬೆವ್ರ್ತಿದ್ರಿ. ಆಗಳ್ ಬಂದಾಗ ಈ ಬಿಸ್ಲಂಗೂ ಒಂದ್ ಹನಿ ಬೆವ್ರಿಲ್ಲೆ. ಮಾತೂ ಇಲ್ಲೆ. ಮೈಯಂಗ್ ಹುಷಾರಿಲ್ಯಾ?"

ನನಗೆ ನಗು ಬರಲಿಲ್ಲ. "ಎಲ್ಲಿಗೆ ಹೋಪ್ದ್ ಅಂದ್ ಕೇಂಡ್ಯಾ ಗಿರಿಜಕ್ಕ?"

"ಹೊರಟವ್ರ್ ಹತ್ರ ಎಲ್ಲಿಗೆ ಅಂದ್ ಯಾರಾರೂ ಕೇಂತ್ರಾ? ದೂರನಾ ಅಂದೆ. ತಲಿ ಆಡ್ಸ್ದ್ರಿ."

ನಮ್ಮ ಕಡೆ ಹಾಗೆಯೇ. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಆಗುವುದಿಲ್ಲ, ಹೋದವರಿಗೂ ಒಳ್ಳೆಯದಲ್ಲ ಎಂಬ ನಂಬಿಕೆ. ಶೀನನೂ ಕೇಳಿರಲಿಲ್ಲ, ಸೈಕಲ್ ಅಂಗಡಿಯವನೂ ಕೇಳಿರಲಿಲ್ಲ. ತಿರುಗಿ ಹೋಗಬಹುದಿತ್ತು. ಆದರೆ ನನ್ನ ಮೋರೆ ಹೊತ್ತು ಒಬ್ಬ ಮುಂದೆ ಹೋಗುತ್ತಿದ್ದಾನೆ, ಅವನಿಗೆ ಏನಾಗುತ್ತದೋ ಅದೇ ನನಗೂ ಆಗುತ್ತದೆ ಎಂಬ ಯೋಚನೆ ಎಲ್ಲಿಂದಲೋ ಬಂದು ಕೂತಿತು. ಏನಾದರೂ ಆಗುವ ಮೊದಲು ಅವನನ್ನು ಹಿಡಿದು ನಿಲ್ಲಿಸಬೇಕು ಅನ್ನಿಸಿತು. ಕೋಟ, ಸಾಲಿಗ್ರಾಮ ದಾಟಿದ್ದು ನೆನಪಿಲ್ಲ.

ಸಾಸ್ತಾನದ ಹತ್ತಿರ ಜನ ಸೇರಿದ್ದರು. ರಸ್ತೆಗೆ ಅಗೆದ ಮಣ್ಣಿನ ಪಕ್ಕ ಒಂದು ಟಿಪ್ಪರ್, ಅದರ ಚಕ್ರದಡಿ ಮುದ್ದೆಯಾದ ಸೈಕಲ್. ಹೆಣವನ್ನು ಆಗಲೇ ಸಾಗಿಸಿದ್ದರು. ಗುಂಪಿನಲ್ಲಿ ಚಂದ್ರ ಇದ್ದ. ಹಿಂದೆ ನನ್ನ ಬಸ್ಸಿನಲ್ಲೇ ಕ್ಲೀನರಾಗಿದ್ದವನು, ನಾನೇ ಕೈ ಹಿಡಿದು ಕೆಲಸ ಕಲಿಸಿದವನು, ಆಗ ಅಲ್ಲೇ ರಿಕ್ಷಾ ಓಡಿಸುತ್ತಿದ್ದ. ಅವನ ಅಂಗಿಯ ತುಂಬ ರಕ್ತವಿತ್ತು. ನನ್ನನ್ನು ನೋಡಿ ಅವನು ರಸ್ತೆಯಲ್ಲೇ ಕೂತುಬಿಟ್ಟ.

"ನಿಮ್ಮ ಬಾಯಿಗೆ ನೀರ್ ಬಿಟ್ಟದ್ ನಾನೇ," ಎಂದ. "ಮನಿಗೂ ಫೋನ್ ಮಾಡಿ ಹೇಳಿಯಾಯ್ತ್."

ಅವನ ಫೋನು ಕಿತ್ತುಕೊಂಡು ಮನೆಗೆ ಮಾಡಿದೆ. ಹಿಂದುಗಡೆ ಹೆಂಗಸರು ಅಳುವುದು ಕೇಳುತ್ತಿತ್ತು.

"ಜಲಜ, ನಾನ್."

"ನಾನ್ ಅಂದ್ರೆ ಯಾರ್?"

"ನಾನೇ ಮಾರಾಯ್ತಿ."

ಅವಳು ಮೆಲ್ಲಗೆ, "ಚಂದ್ರ ಹೆಣ ಎತ್ತಿದ್ನಂಬ್ರ್, ಅವ್ನೇ ಹೇಳ್ದ. ನೀವ್ ಯಾರ್ ಹೇಳಿ" ಎಂದಳು. ಮದುವೆಯ ದಿನ ಅವಳ ಅಪ್ಪ ನನ್ನ ಕಿವಿಯಲ್ಲಿ ಹೇಳಿದ್ದ, ನಾನು ಅವಳಿಗೆ ಮಾತ್ರ ತಿಳಿಸಿದ್ದ ಮಾತನ್ನು ಹೇಳಿದ ಮೇಲೆ ಫೋನು ನೆಲಕ್ಕೆ ಬಿದ್ದ ಸದ್ದು ಕೇಳಿತು.

ಚಂದ್ರನ ರಿಕ್ಷಾದಲ್ಲಿ ಆಸ್ಪತ್ರೆಯ ಶವಾಗಾರಕ್ಕೆ ನಾನೇ ಹೋದೆ. ಬಾಗಿಲಲ್ಲಿದ್ದ ಪೊಲೀಸಿನವನು ನನ್ನನ್ನು ನೋಡಿ ಎದ್ದು ನಿಂತ. "ಅವಳಿ ಜವಳಿಯಾ?" ಎಂದು ಕೇಳಿದ. ಚಂದ್ರ ಬಟ್ಟೆ ಸರಿಸಿದ.

ನಾನು ಕಂಡದ್ದನ್ನು ಕಂಡ ಹಾಗೆಯೇ ಬರೆಯುತ್ತಿದ್ದೇನೆ. ಅವನು ನನ್ನ ಹಾಗೆ ಇರಲೇ ಇಲ್ಲ. ಎಲ್ಲಿಯೂ ನೋಡಿರದ ಒಬ್ಬ ಮನುಷ್ಯ. ಉದ್ದ ಮೂಗು, ದಪ್ಪ ಮೀಸೆ. ನನ್ನದು ನಲವತ್ತಕ್ಕೇ ಬೋಳಾದ ತಲೆ, ಮೀಸೆ ಬಿಟ್ಟವನೇ ಅಲ್ಲ.

"ಇವ್ನಿಗೆ ತಲಿ ತುಂಬ ಕೂದ್ಲ್ ಇತ್ತಲ ಚಂದ್ರ," ಎಂದೆ.

ಅವನು ಹೆಣದ ತಲೆ ನೋಡಿದ, ನನ್ನ ತಲೆ ನೋಡಿದ. "ಎಲ್ಲಿತ್ತ್?" ಎಂದ.

ಅವನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಯಾವ ಊರು, ಎಲ್ಲಿಗೆ ಹೊರಟಿದ್ದ ಎಂದು ಪೊಲೀಸರು ದಾರಿಯುದ್ದಕ್ಕೂ ವಿಚಾರಿಸಿದರು. ಕಂಡವರೆಲ್ಲ ಅವನನ್ನು ನಾನೆಂದೇ ತಿಳಿದಿದ್ದರು, ಒಬ್ಬರೂ ಕೇಳಿರಲಿಲ್ಲ. ಗೊತ್ತಿಲ್ಲ ಎಂದು ನಾನೂ ಹೇಳಿದೆ. ಬೇರೆ ಏನು ಹೇಳಲಿ? ಕೆಲವು ದಿನ ಕಾದು ಸುಡುವಾಗ ನಾನೇ ಕೊಳ್ಳಿ ಇಡುತ್ತೇನೆ ಎಂದೆ. ಚಂದ್ರ ಬಿಡಲಿಲ್ಲ. "ನೀವ್ ಇಡೂಕಾಗ," ಎಂದು ತಾನೇ ಇಟ್ಟ. ಇಡುವಾಗ ಅವನು ಅತ್ತ ರೀತಿ ಗುರುತಿಲ್ಲದವನಿಗೆ ಅಳುವ ರೀತಿಯಾಗಿರಲಿಲ್ಲ.

ಎಷ್ಟು ಯೋಚಿಸಿದರೂ ನನಗೆ ಇದರ ತಲೆಬುಡ ತಿಳಿದಿಲ್ಲ. ಅಷ್ಟು ಜನರ ಕಣ್ಣು ತಪ್ಪಿತೋ, ನನ್ನ ಕಣ್ಣೊಂದೇ ತಪ್ಪಿತೋ ಗೊತ್ತಿಲ್ಲ. ಈಗಲೂ ಆ ಕಡೆ ಹೋದರೆ ಸಾಸ್ತಾನದ ರಿಕ್ಷಾ ಸ್ಟ್ಯಾಂಡಿನಲ್ಲಿ ಬಸ್ಸಿಳಿಯುತ್ತೇನೆ. ಚಂದ್ರ ನನ್ನನ್ನು ನೋಡುತ್ತಾನೆ, ಎದ್ದು ಬರುವುದಿಲ್ಲ, ಕಂಡಕ್ಟ್ರೆ ಎಂದು ಕರೆಯುವುದಿಲ್ಲ. ಹತ್ತಿರ ಹೋಗಿ ಹೆಗಲ ಮೇಲೆ ಕೈ ಇಟ್ಟರೆ ಮರ್ಯಾದೆಯಿಂದಲೇ ಕೇಳುತ್ತಾನೆ: "ನೀವ್ ಯಾರಾಯ್ತ್?"

ನಾನು ನಗುತ್ತೇನೆ. ಅವನು ತಮಾಷೆ ಮಾಡುವವನಲ್ಲ.