ಅಳತೆಯ ರವಕೆ

ನಮ್ಮ ಕಾಲದಲ್ಲಿ ರವಕೆಯನ್ನು ಹೆಂಗಸನ್ನು ನೋಡಿ ಹೊಲಿಯುತ್ತಿರಲಿಲ್ಲ, ಇನ್ನೊಂದು ರವಕೆಯನ್ನು ನೋಡಿ ಹೊಲಿಯುತ್ತಿದ್ದರು. ಇವತ್ತಿನ ಹುಡುಗಿಯರಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ. ಈ ಒಂದು ಪದ್ಧತಿಯಿಂದ ನನ್ನ ಕೆಲಸವೇ ಹೋಗುವುದರಲ್ಲಿತ್ತು. ನೆನೆಸಿಕೊಂಡರೆ ಈಗಲೂ ಮಂಡೆ ಬಿಸಿಯಾಗುತ್ತದೆ.

ಟ್ರೈನಿಂಗ್ ಮುಗಿಸಿ ಬಂಟ್ವಾಳದ ಮನೆಯಲ್ಲಿ ಕೂತಿದ್ದ ನನಗೆ ಬೆಳ್ತಂಗಡಿಯ ಪಕ್ಕ ಲಾಯಿಲದ ಒಂದು ಶಾಲೆಯಿಂದ ಕಾಗದ ಬಂತು. ರಾಜ್ಯ ಒಂದಾಗಿ ಮೂರು ನಾಲ್ಕು ವರ್ಷವಾಗಿದ್ದಿರಬೇಕು. ಕೆಲಸ ಒಂದು ವರ್ಷಕ್ಕೆ ತಾತ್ಕಾಲಿಕ. ಇನ್‌ಸ್ಪೆಕ್ಟರು ಬಂದು ಪಾಠ ನೋಡಿ ಒಪ್ಪಿದರೆ ಖಾಯಂ, ಇಲ್ಲವಾದರೆ ಮನೆಗೆ. ಲಾಯಿಲದಲ್ಲಿ ಅಪ್ಪನ ತಂಗಿಯ ಮನೆ ಇದ್ದದ್ದರಿಂದ ಉಳಿದುಕೊಳ್ಳಲು ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಬಟ್ಟೆಗೆ. ಟ್ರೈನಿಂಗಿನ ಎರಡು ವರ್ಷವನ್ನು ನಾನು ಅಕ್ಕನ ಹಳೆಯ ರವಕೆಗಳಲ್ಲೇ ಕಳೆದಿದ್ದೆ. ಅವುಗಳ ಕಂಕುಳಲ್ಲಿ ತೇಪೆಯ ಮೇಲೆ ತೇಪೆ ಬಿದ್ದಿತ್ತು.

"ಟೀಚರ್ ಆದವಳು ಇದನ್ನು ಹಾಕಿಕೊಂಡು ಹೋಗ್ಲಿಕ್ಕೆ ಆಗ್ತದಾ? ನಡಿ, ಪೇಟೆಗೆ ಹೋಗುವ" ಎಂದಳು ಅಮ್ಮ. ಅಪ್ಪನ ಸಣ್ಣ ಹೋಟೆಲಿನ ಆ ವಾರದ ಉಳಿಕೆ ಅವಳ ಸೆರಗಿನ ಗಂಟಿನಲ್ಲಿತ್ತು.

ಅಮ್ಮನೊಟ್ಟಿಗೆ ಜವಳಿ ಅಂಗಡಿಗೆ ಹೋಗುವುದೆಂದರೆ ಅದೊಂದು ಶಿಕ್ಷೆ. ಅಂಗಡಿಯವರಿಂದ ಮೇಲಿನ ಹಲಗೆಯ ಪಾಪ್ಲಿನ್ನುಗಳನ್ನೆಲ್ಲ ಕೆಳಗಿಳಿಸಿದಳು. ಒಂದೊಂದನ್ನೂ ಉಜ್ಜಿ ನೋಡಿದಳು. ಬಣ್ಣ ಬಿಡ್ತದಾ, ಕುಗ್ತದಾ, ಒಗೆದರೆ ಹಿಂಜುತ್ತದಾ ಎಂದು ಅವರ ಜೀವ ತಿಂದಳು. ಅವರು ಬೆವರು ಒರೆಸಿಕೊಂಡು ಕತ್ತರಿ ಕೈಗೆತ್ತಿಕೊಂಡದ್ದೇ ತಡ, "ಇದೆಲ್ಲ ಇರಲಿ, ಆ ಮೂಲೆಯಲ್ಲಿ ತುಂಡುಬಟ್ಟೆಯ ರಾಶಿ ಉಂಟಲ್ಲ, ಅದನ್ನು ತೋರಿಸಿ" ಎಂದುಬಿಟ್ಟಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಂಗಡಿಯವರ ಮುಖ ನೋಡುವ ಧೈರ್ಯವಾಗದೆ ಹೊರಗೆ ಹೋಗುವ ಬಸ್ಸನ್ನು ನೋಡುತ್ತಾ ನಿಂತೆ.

ಅಂಗಡಿಯ ಜಗಲಿಯಲ್ಲೇ ಟೈಲರನ ಮೆಷಿನ್ನು. ಅವನು ನಾವು ತಂದ ಬಿಳಿಯ ತುಂಡನ್ನು ಬಿಡಿಸಿ ಹಿಡಿದು ತಲೆಯಾಡಿಸಿದ.

"ಇದರಲ್ಲಿ ತೋಳು ಬರುವುದಿಲ್ಲಮ್ಮ."

"ಬರ್ತದೆ. ಗಿಡ್ಡ ಮಾಡಿ."

"ಗಿಡ್ಡ ತೋಳು ಟೀಚರಿಗೆ ಚಂದವಾ?"

"ಹಾಗಾದರೆ ಉದ್ದ ಇರಲಿ, ಬಿಗಿ ಮಾಡಿ. ಅಳತೆಗೆ ರವಕೆ ತಂದಿದ್ದೇನೆ, ಅದರ ಹಾಗೆಯೇ ಹೊಲಿಯಿರಿ" ಎಂದು ಅಮ್ಮ ಚೀಲದಿಂದ ಅಕ್ಕನದೊಂದು ರವಕೆ ತೆಗೆದುಕೊಟ್ಟಳು. ಇದ್ದವುಗಳಲ್ಲಿ ಹೊಸದಾಗಿ ಕಾಣುತ್ತಿದ್ದದ್ದು ಅದೊಂದೇ. ನಾನು ಅಲ್ಲೇ ಎದುರಿಗೆ ಐದೂಕಾಲು ಅಡಿ ಎತ್ತರಕ್ಕೆ ನಿಂತಿದ್ದೆ. ಅವನು ನನ್ನನ್ನು ತಲೆಯೆತ್ತಿಯೂ ನೋಡಲಿಲ್ಲ. ನೋಡುವುದು ಮರ್ಯಾದೆಯೂ ಆಗಿರಲಿಲ್ಲ.

ರವಕೆ ಬಂತು. ಆರು ಹುಕ್ಕು ಇರಬೇಕಾದಲ್ಲಿ ಐದೇ ಇದ್ದವು. ಕೇಳಿದರೆ, "ಅಳತೆಯಲ್ಲಿ ಐದೇ ಇದ್ದದ್ದು" ಎಂದ. ಒಂದು ಬಿದ್ದುಹೋಗಿದೆ, ಅದರ ದಾರ ಇನ್ನೂ ನೇತಾಡುತ್ತಿದೆ, ಕಣ್ಣು ಕಾಣುವುದಿಲ್ಲವಾ ಎಂದು ನಾನು ಕೂಗಾಡಿದೆ. ಅವನು ಶಾಂತವಾಗಿ ಅಳತೆಯ ರವಕೆಯನ್ನು ಮಡಚಿ ನನ್ನ ಕೈಗಿಟ್ಟ. ಹುಕ್ಕನ್ನು ನಾನೇ ಹಾಕಿಕೊಂಡೆ.

ಆದರೆ ನಿಜವಾದ ತಾಪತ್ರಯ ಹುಕ್ಕಿನದ್ದಲ್ಲ. ಅದು ಗೊತ್ತಾದದ್ದು ಶಾಲೆಯಲ್ಲಿ, ಮೊದಲ ದಿನ ಬೋರ್ಡಿನ ಎದುರು ನಿಂತಾಗ. ಬಲಗೈ ಹೆಗಲಿನ ಮಟ್ಟಕ್ಕೆ ಬರುವಷ್ಟರಲ್ಲಿ ಕಂಕುಳಲ್ಲಿ ಹೊಲಿಗೆ ಕಚ್ಚಿ ಹಿಡಿಯಿತು. ಇನ್ನೊಂದಿಂಚು ಎತ್ತಿದರೆ ಹರಿಯುವುದು ಖಂಡಿತ. ಏಳನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಮೀಸೆ ಚಿಗುರುತ್ತಿದ್ದ ಹುಡುಗರು ಕೂತಿದ್ದರು. ನಾನು ಕೈ ಇಳಿಸಿ ಬೋರ್ಡಿನ ಕೆಳಗಿನ ಅರ್ಧದಲ್ಲಿ ಬರೆದೆ.

ಹಾಗೆ ಎಷ್ಟು ದಿನ? ಬೋರ್ಡನ್ನು ನಮ್ಮ ಹೆಡ್‌ಮಾಸ್ಟರು ತಮ್ಮ ಎತ್ತರಕ್ಕೆ ತೂಗುಹಾಕಿಸಿದ್ದರು. ಅವರೋ ಆರಡಿಯ ಆಳು. ಒಂದು ದಿನ ನಾನು ರಾಜ್ಯದ ನಕಾಶೆ ಬರೆಯುವಾಗ ಬಾಗಿಲಲ್ಲಿ ಬಂದು ನಿಂತರು. ನನ್ನ ಅರ್ಧ ಬೋರ್ಡಿನಲ್ಲಿ ರಾಜ್ಯ ಕುಳ್ಳಗೆ, ಅಗಲಕ್ಕೆ, ನೀರುದೋಸೆಯ ಹಾಗೆ ಹರಡಿಕೊಂಡಿತ್ತು.

"ಟೀಚರೇ, ಬೀದರ್ ಎಲ್ಲಿ?"

ನಾನು ಬಳ್ಳಾರಿಯ ಹತ್ತಿರವೇ ಒಂದು ಚುಕ್ಕೆ ತೋರಿಸಿದೆ. ಮಕ್ಕಳು ನಕ್ಕರು.

"ಬೋರ್ಡಿನ ಮೇಲಿನ ಅರ್ಧ ಯಾರಿಗೆ ಬಿಟ್ಟದ್ದು?"

ಏನು ಹೇಳುವುದು? ರವಕೆಯ ವಿಷಯವನ್ನು ಹೆಡ್‌ಮಾಸ್ಟರ ಹತ್ತಿರ ಹೇಳಲಿಕ್ಕುಂಟೇ? ಮರುದಿನ ಸ್ಟೂಲು ಹಾಕಿ ಹತ್ತಿದೆ. ಅದು ಗಡಗಡ ಎಂದಿತು, ಮಕ್ಕಳು ಮತ್ತೆ ನಕ್ಕರು. ಸ್ಟೂಲು ಹತ್ತಿ ಪಾಠ ಮಾಡುವ ಶಾಲೆಯಲ್ಲ ಇದು ಎಂದು ಹೆಡ್‌ಮಾಸ್ಟರು ಸ್ಟೂಲನ್ನೇ ಆಫೀಸಿಗೆ ತೆಗೆಸಿದರು. ಆಮೇಲೆ ನನ್ನನ್ನು ಕರೆದು ಮೆತ್ತಗೆ ಹೇಳಿದರು: "ಕೆಲವರಿಗೆ ದೊಡ್ಡ ಕ್ಲಾಸಿನ ಹೆದರಿಕೆ ಇರ್ತದೆ. ತಪ್ಪಲ್ಲ. ಆದರೆ ಇನ್‌ಸ್ಪೆಕ್ಟರು ಬಂದಾಗ ಹೀಗೇ ಆದರೆ ನಾನು ನಿಮ್ಮ ಪರವಾಗಿ ಏನೂ ಹೇಳಲಿಕ್ಕೆ ಆಗುವುದಿಲ್ಲ, ನೋಡಿ."

ಹೆದರಿಕೆಯಂತೆ! ಟ್ರೈನಿಂಗಿನಲ್ಲಿ ನಾಟಕದ ಭೀಮನ ಪಾತ್ರ ಮಾಡಿದವಳು ನಾನು. ಅವತ್ತು ಅತ್ತೆಯ ಮನೆಗೆ ಬಂದು ಊಟ ಬಿಟ್ಟು ಅಳುತ್ತಾ ಮಲಗಿದೆ.

ಮೊದಲ ಸಂಬಳದಲ್ಲಿ ಇನ್ನೊಂದು ತುಂಡು ಕೊಂಡು ಬೆಳ್ತಂಗಡಿ ಪೇಟೆಯ ಟೈಲರಿಗೆ ಕೊಟ್ಟೆ. ಅವರು ಬ್ಯಾರಿ ಮುಸಲ್ಮಾನರು, ನಡುವಯಸ್ಸಿನವರು, ಕೈಕೆಲಸ ಚೊಕ್ಕ ಎಂದು ಹೆಸರಿತ್ತು. ಅವರೂ ಅಳತೆಯ ರವಕೆ ಕೇಳಿದರು. ನನ್ನ ಬಳಿ ಇದ್ದದ್ದು ಅದೇ ಬಂಟ್ವಾಳದ್ದು. ಸ್ವಲ್ಪ ಸಡಿಲ ಮಾಡಿ ಎಂದೆ. ಎಲ್ಲಿ ಎಂದು ಹೇಳಲು ನಾಚಿಕೆ. ಅವರು ಸೊಂಟದಲ್ಲಿ ಸಡಿಲ ಮಾಡಿದರು. ಕಂಕುಳು ಇದ್ದ ಹಾಗೆಯೇ ಇತ್ತು. ಮೊದಲು ಒಂದು ರವಕೆಯಲ್ಲಿ ಕೈ ಎತ್ತಲು ಆಗುತ್ತಿರಲಿಲ್ಲ, ಈಗ ಎರಡರಲ್ಲಿ.

ಆ ಭಾನುವಾರ ಸಿಟ್ಟಿನಲ್ಲೇ ಬಸ್ಸು ಹತ್ತಿ, ಮೂಡಬಿದ್ರೆಯಲ್ಲಿ ಇಳಿದು, ಅಲ್ಲಿಂದ ಬೆಳುವಾಯಿಗೆ ಅಕ್ಕನ ಮನೆಗೆ ಹೋದೆ. ಅವಳು ಅಂಗಳದಲ್ಲಿ ಭತ್ತ ಕುಟ್ಟುತ್ತಿದ್ದಳು. ನಿನ್ನ ಅಳತೆಯ ರವಕೆ ಹಾಕಿ ನನ್ನ ಕೆಲಸ ಹೋಗುವುದರಲ್ಲಿದೆ, ನೀನು ಇದನ್ನು ಹೇಗೆ ಹಾಕಿಕೊಳ್ಳುತ್ತಿದ್ದೆ ಎಂದು ಕೇಳಿದೆ. ಅವಳು ಒನಕೆ ಕೆಳಗಿಟ್ಟು ನಕ್ಕಳು.

"ಅದು ನನ್ನ ಅಳತೆಯದ್ದೇ ಅಲ್ಲ ಮಾರಾಯ್ತಿ! ಮದುವೆಗೆ ಇವರ ಮನೆಯಿಂದ ಸೀರೆಯೊಟ್ಟಿಗೆ ಬಂದದ್ದು. ನಾದಿನಿಯ ರವಕೆ ಅಳತೆಗೆ ಕೊಟ್ಟು ಹೊಲಿಸಿದ್ದಂತೆ. ಅವಳಿಗೆ ಆಗ ಹದಿಮೂರು. ಸಮ ಆಗದ್ದಕ್ಕೇ ಅಲ್ಲವಾ ನಾನು ಅಮ್ಮನ ಮನೆಯಲ್ಲಿ ಬಿಟ್ಟು ಬಂದದ್ದು?"

"ಅಮ್ಮನಿಗೆ ಒಂದು ಮಾತು ಹೇಳಬಾರದಿತ್ತಾ?"

"ಗಂಡನ ಮನೆಯವರು ಕೊಟ್ಟದ್ದು ಸಮ ಇಲ್ಲ ಅಂತ ಹೇಳ್ಲಿಕ್ಕುಂಟಾ?"

ಎಂಥ ಸಾವು! ಹದಿಮೂರು ವರ್ಷದ ಹುಡುಗಿಯ ಅಳತೆಯನ್ನು ಎರಡು ಊರಿನ ಟೈಲರುಗಳು ನನ್ನ ಮೈಮೇಲೆ ಹೊಲಿದಿದ್ದರು. ಸರಿ, ಈಗ ಹಾಕಿದ್ದಾದರೂ ಸಮ ಉಂಟಾ ಎಂದು ಕೇಳಿದರೆ ಅವಳು ಬಲಗೈ ಎತ್ತಿ ತೋರಿಸಿದಳು. ಕಂಕುಳಲ್ಲಿ ಅಂಗೈಯಗಲದ ತೇಪೆ.

"ಮೊದಲು ಸ್ವಲ್ಪ ಸಮಯ ಬಂಙ, ಕಷ್ಟವೇ. ಒಮ್ಮೆ ಹರಿದು ತೇಪೆ ಬಿದ್ದ ಮೇಲೆ ಸರಿಯಾಗ್ತದೆ. ನನಗೆಂತ, ನಾನು ಬೋರ್ಡಿನಲ್ಲಿ ಬರೀಲಿಕ್ಕುಂಟಾ?" ಎಂದು ಮತ್ತೆ ಒನಕೆ ಎತ್ತಿದಳು.

ಮರುದಿನ ಶಾಲೆ ಬಿಟ್ಟದ್ದೇ ಬೆಳ್ತಂಗಡಿಯ ಟೈಲರ ಮುಂದೆ ನಿಂತು ಜಗಳ ತೆಗೆದೆ. ನಾಚಿಕೆ ಎಲ್ಲ ಮುಗಿದಿತ್ತು. ಕಂಕುಳು, ಕಂಕುಳು ಎಂದು ಪೇಟೆಗೆಲ್ಲ ಕೇಳುವ ಹಾಗೆ ಹೇಳಿದೆ. ಅವರಿಗೂ ರೇಗಿತು.

"ಟೀಚರೇ, ನಾನು ಗಂಡಸು. ರವಕೆ ನೋಡಿ ರವಕೆ ಹೊಲಿಯಬಹುದು. ನಿಮ್ಮನ್ನು ಅಳೆಯಲಿಕ್ಕೆ ಆಗ್ತದಾ? ದಮ್ಮಯ್ಯ, ನಮ್ಮ ಮನೆಗೆ ಹೋಗಿ. ನನ್ನ ತಾಯಿ ಉಂಟು, ಅಳತೆ ತೆಗೀತಾರೆ."

ಇದನ್ನು ಮೊದಲೇ ಹೇಳಿದ್ದರೆ! ಅವರ ಮನೆ ಅತ್ತೆಯ ಮನೆಯಿಂದ ಕೂಗಳತೆಯಲ್ಲೇ ಇತ್ತು. ಅವರ ತಾಯಿ ಒಳಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಟೇಪು ಇಲ್ಲ, ಕೈಯಲ್ಲಿ ಒಂದು ದಪ್ಪ ನೂಲು. ಅದರಲ್ಲಿ ಅಳತೆಗೊಂದು ಗಂಟು ಹಾಕುತ್ತಾ ಬಂದರು. ಎದೆ, ಸೊಂಟ, ಬೆನ್ನು. ಕಂಕುಳಿಗೆ ಬಂದಾಗ ತುಳುವಿನಲ್ಲಿ ಕೇಳಿದರು: "ಮಗಳೇ, ನೀನು ಎಂಥ ಕೆಲಸ ಮಾಡುವುದು?"

ಅಷ್ಟು ದಿನದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಹೇಳಿದೆ.

"ಹಾಗಾದರೆ ಬರೆ. ಈ ಗೋಡೆಯಲ್ಲಿ ಬರೆದು ತೋರಿಸು."

ಸುಣ್ಣದ ಗೋಡೆಯ ಮೇಲೆ ಬರಿಬೆರಳಲ್ಲಿ, ಕೈ ಎಟುಕುವಷ್ಟು ಎತ್ತರದಲ್ಲಿ ಬರೆದೆ. ಅವರು ನೂಲನ್ನು ನನ್ನ ಹೆಗಲ ಸುತ್ತ ಹಿಡಿದು, ಕೈ ಹೋದ ಕಡೆಗೆಲ್ಲ ಸಡಿಲ ಬಿಡುತ್ತಾ, ಕೈ ನಿಂತಲ್ಲಿಗೆ ಒಂದು ಗಂಟು ಹಾಕಿದರು. ಕಂಕುಳಿಗೆ ಒಂದು ಚೌಕದ ತುಂಡು ಕೂರಿಸಲು ಮಗನಿಗೆ ಹೇಳುತ್ತೇನೆ ಎಂದರು. ನನಗೆ ಯಾಕೋ ಅಳು ಬಂತು. ಅವರು ನೋಡಿಯೂ ನೋಡದ ಹಾಗೆ ನೂಲು ಸುತ್ತಿಟ್ಟರು.

ಹೊಸ ತುಂಡಿನ ರವಕೆ ಶುಕ್ರವಾರ ಕೈಗೆ ಬಂತು. ಹಾಕಿಕೊಂಡು ಅತ್ತೆಯ ಮನೆಯ ಮಾಡಿನ ಪಕಾಸಿ ಮುಟ್ಟಿ ನೋಡಿದೆ. ಎರಡು ಕೈಯಲ್ಲೂ ಮುಟ್ಟಿದೆ. ಇನ್‌ಸ್ಪೆಕ್ಟರು ಬರುವುದು ಸೋಮವಾರ ಎಂದು ಅಂದೇ ತಿಳಿಯಿತು. ಬರಲಿ, ಅಂದುಕೊಂಡೆ. ಶನಿವಾರ ಅದನ್ನೇ ಹಾಕಿಕೊಂಡು ಬಂಟ್ವಾಳಕ್ಕೆ ಹೋಗಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ನಾದಿನಿಯ ಅಳತೆ, ಅಕ್ಕನ ತೇಪೆ, ನೂಲಿನ ಗಂಟು, ಎಲ್ಲ. ಭಾನುವಾರ ಬೆಳಿಗ್ಗೆ ಒಗೆದು ಹಗ್ಗಕ್ಕೆ ಹಾಕಿದೆ. ಮಧ್ಯಾಹ್ನ ಮಲಗಿ ಎದ್ದು ನೋಡಿದರೆ ಹಗ್ಗ ಖಾಲಿ.

"ಭಾವ ಬಂದಿದ್ದರು, ಅವರ ಕೈಯಲ್ಲಿ ಬೆಳುವಾಯಿಗೆ ಕಳಿಸಿದೆ. ಅಳತೆಗೆ" ಎಂದಳು ಅಮ್ಮ.

"ಅಳತೆಗಾ? ನಿನ್ನ ಮಂಡೆ ಸಮ ಉಂಟಾ ಅಮ್ಮ? ನಾಳೆ ಇನ್‌ಸ್ಪೆಕ್ಟರು ಬರುವುದು!"

"ನಿನ್ನ ಹತ್ತಿರ ಇನ್ನೂ ಎರಡು ಉಂಟಲ್ಲ?"

ಆಮೇಲೆ ನಾನು ಏನೇನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ. ಸೋಮವಾರ ಮೊದಲ ಬಸ್ಸಿನಲ್ಲಿ, ಸೊಂಟ ಸಡಿಲವಾದ ಆ ಬೆಳ್ತಂಗಡಿಯ ರವಕೆಯಲ್ಲೇ ಹೊರಟೆ. ದಾರಿಯುದ್ದಕ್ಕೂ ಬಾಯಲ್ಲಿ ಬೈಗುಳವೇ.

ಇನ್‌ಸ್ಪೆಕ್ಟರು ಹಿಂದಿನ ಬೆಂಚಿನಲ್ಲಿ ಆ ಹುಡುಗರ ಪಕ್ಕವೇ ಕೂತರು. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತರು. ಪಾಠ ಯಾವುದೆಂದು ಅವರೇ ಆರಿಸಿದ್ದರು. ನಮ್ಮ ರಾಜ್ಯದ ನಕಾಶೆ. ಬೇಕೆಂದೇ ಆರಿಸಿದ್ದೋ ಏನೋ. ಸೀಮೆಸುಣ್ಣ ಹಿಡಿದು ಮಂಗಳೂರಿನಿಂದ ಶುರುಮಾಡಿ, ಕರಾವಳಿಗುಂಟ ಕಾರವಾರ ದಾಟಿ, ಬೆಳಗಾವಿ ಮುಟ್ಟುವಾಗ ಕಂಕುಳು ಕಚ್ಚಿ ಹಿಡಿಯಿತು. ಅಲ್ಲಿಂದ ಕೈ ಕೆಳಗೆ ತಿರುಗಿಸಬೇಕು. ಇಲ್ಲವಾದರೆ ಹರಿಯಬೇಕು. ಬೆನ್ನ ಹಿಂದೆ ಹೆಡ್‌ಮಾಸ್ಟರು ಗಂಟಲು ಸರಿಮಾಡಿಕೊಂಡದ್ದು ಕೇಳಿತು. ನನಗೆ ಎಲ್ಲರ ಮೇಲೂ ಒಟ್ಟಿಗೇ ಸಿಟ್ಟು ಬಂತು. ಹರಿಯಲಿ, ಅತ್ಲಾಗೆ ಹರಿದು ಸಾಯಲಿ ಎಂದು ಸೆರಗನ್ನು ಬಲಹೆಗಲ ಮೇಲಿಂದ ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಬೀದರಿಗೆ ಕೈ ಎತ್ತಿದೆ.

ಪರ್ ಎಂದು ಹರಿಯಿತು. ಮೊದಲ ಬೆಂಚಿಗೆ ಕೇಳಿಸಿರಬೇಕು. ಕೇಳಿಸಲಿ. ಹರಿದ ಮರುಗಳಿಗೆ ಕೈ ಹಗುರವಾಯಿತು. ಅಕ್ಕ ಹೇಳಿದ್ದು ನಿಜ. ಬೀದರನ್ನು ಬೋರ್ಡಿನ ನೆತ್ತಿಯಲ್ಲಿ ಇಟ್ಟು, ಅಲ್ಲಿಂದ ರಾಯಚೂರು, ಬಳ್ಳಾರಿ, ಕೋಲಾರ ಎಂದು ಒಂದೇ ಗೆರೆಯಲ್ಲಿ ಇಳಿದು ಮತ್ತೆ ಮಂಗಳೂರಿಗೆ ಬಂದೆ. ಬೋರ್ಡು ತುಂಬಿತ್ತು.

"ಹಿಂದಿನವರಿಗೂ ಚೆನ್ನಾಗಿ ಕಾಣ್ತದೆ" ಎಂದರು ಇನ್‌ಸ್ಪೆಕ್ಟರು, ಪುಸ್ತಕದಲ್ಲಿ ಬರೆದುಕೊಳ್ಳುತ್ತಾ.

"ನಾನು ಹೇಳಿ ಹೇಳಿ ಸರಿ ಮಾಡಿದ್ದು ಸಾರ್. ಮೊದಲು ತುಂಬಾ ಹೆದರಿಕೆ ಇತ್ತು" ಎಂದರು ನಮ್ಮ ಹೆಡ್‌ಮಾಸ್ಟರು. ನನ್ನ ಎಡಗೈ ಬಲಕಂಕುಳನ್ನು ಒತ್ತಿಕೊಂಡೇ ಇತ್ತು.

ಖಾಯಂ ಆದ ಕಾಗದ ಹಿಡಿದು ಮನೆಗೆ ಹೋದಾಗ ಅಮ್ಮನಿಗೆ ಇನ್ನೊಮ್ಮೆ ಸರಿಯಾಗಿ ಬೈಯಬೇಕು ಎಂದೇ ಹೋಗಿದ್ದೆ. ಅವಳು ಅಡುಗೆಮನೆಯಲ್ಲಿದ್ದಳು. ಕಾಗದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನು ಶುರುಮಾಡುವ ಮೊದಲೇ ಹೇಳಿದಳು: "ಅಕ್ಕನಿಗೂ ಕೈ ಎತ್ಲಿಕ್ಕೆ ಆಗುವುದಿಲ್ಲ ಅಂತ ಹೇಳಿದ್ದು ನೀನೇ ಅಲ್ಲವಾ? ಮತ್ತೆ ನಾನು ಎಂಥ ಮಾಡುವುದು? ಅದನ್ನು ನೋಡಿ ಹೊಲಿಸಿದ್ದು ಈಗ ಅವಳಿಗೆ ಸಮ ಆಗಿದೆಯಂತೆ."

ಬಾಯಿ ಸಿಹಿ ಮಾಡಬೇಕೆಂದು ಅಮ್ಮ ಮೇಲಿನ ಹಲಗೆಯ ಬೆಲ್ಲದ ಡಬ್ಬಕ್ಕೆ ಕೈ ಚಾಚಿದಳು. ಎಡಗೈಯಲ್ಲಿ ಬಲಕಂಕುಳನ್ನು ಒತ್ತಿ ಹಿಡಿದು, ತುದಿಗಾಲಲ್ಲಿ ನಿಂತು, ಬೆರಳಲ್ಲಿ ಡಬ್ಬವನ್ನು ಸ್ವಲ್ಪ ಸ್ವಲ್ಪವೇ ಅಂಚಿಗೆ ಎಳೆದುಕೊಂಡಳು. ಹುಟ್ಟಿದಂದಿನಿಂದ ನಾನು ಅವಳನ್ನು ಹಾಗೆಯೇ ನೋಡಿದ್ದೆ. ಡಬ್ಬ ತೆಗೆಯುವುದೇ ಹಾಗೆ ಎಂದುಕೊಂಡಿದ್ದೆ.

"ಅಮ್ಮ, ಶನಿವಾರ ಲಾಯಿಲಕ್ಕೆ ಬಾ. ಅಳತೆ ಕೊಡ್ಲಿಕ್ಕುಂಟು."

"ನನಗೆಂತಕ್ಕೆ? ನಾನು ಬೋರ್ಡಿನಲ್ಲಿ ಬರೀಲಿಕ್ಕುಂಟಾ?"

ಆ ಇಡೀ ವರ್ಷದಲ್ಲಿ ನನಗೆ ಯಾವ ಟೈಲರನ ಮೇಲೂ, ಹೆಡ್‌ಮಾಸ್ಟರ ಮೇಲೂ ಅಷ್ಟು ಸಿಟ್ಟು ಬಂದಿರಲಿಲ್ಲ. ಡಬ್ಬವನ್ನು ಅವಳ ಕೈಯಿಂದ ಕಿತ್ತು ಮತ್ತೆ ಮೇಲಿನ ಹಲಗೆಗೇ ಇಟ್ಟೆ. "ಅಳತೆ ಕೊಟ್ಟು ಬಾ, ಆಮೇಲೆ ತೆಗೆದುಕೊಡು. ಬೆಲ್ಲ ನಾನು ಆಗಲೇ ತಿನ್ನುವುದು" ಎಂದೆ.